ಜನಪರ ವಕೀಲಿಕೆಯ ಮೊದಲ ಎರಡು ವರ್ಷ: ಫೆಲೋಶಿಪ್ ಹುಡುಕುವುದರಿಂದ ಕಡತ ಒಪ್ಪಿಸುವವರೆಗೆ

ಎಲ್‌ಎಲ್‌ಬಿ ಮುಗಿಸಿದವರಲ್ಲಿ ಕೈದಿಗಳ ಪರ, ಕೂಲಿಯವರ ಪರ, ಜಮೀನು ಕಳೆದುಕೊಂಡವರ ಪರ ನಿಲ್ಲುವ ಮನಸ್ಸುಳ್ಳವರು ಕಡಿಮೆಯೇನಿಲ್ಲ. ಅವರ ಕಾಲು ಎಳೆಯುವುದು ಬಾಡಿಗೆ, ಮೆಸ್ ಬಿಲ್ಲು ಮತ್ತು ಮನೆಯವರ ಕೇಳದ ಪ್ರಶ್ನೆ. ಸೀನಿಯರ್ ಆಫೀಸಿನಲ್ಲಿ ಕೈಗೆ ಸಿಗುವುದು ಎಷ್ಟೋ ಕಡೆ ಬಸ್ ಚಾರ್ಜಿಗಷ್ಟೇ. 2024ರ ಅಕ್ಟೋಬರ್‌ನಲ್ಲಿ ಭಾರತೀಯ ವಕೀಲರ ಪರಿಷತ್ತು ಕಿರಿಯ ವಕೀಲರಿಗೆ ನಗರಗಳಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿಯಾದರೂ ಕೊಡಬೇಕೆಂದು ಹೇಳಿತು. ಅದು ಶಿಫಾರಸು, ಕೊಡದಿದ್ದರೆ ಕೇಳುವವರಿಲ್ಲ. ಈ ಕಂದಕ ದಾಟಿಸಲೆಂದೇ ಫೆಲೋಶಿಪ್‌ಗಳಿವೆ: ಒಂದೆರಡು ವರ್ಷ ನಿಗದಿತ ಹಣ, ಒಂದು ನಿಗದಿತ ಕೆಲಸ, ಕಲಿಸುವ ಒಬ್ಬರು.

ಮೊದಲೇ ಒಂದು ಮಾತು. ಫೆಲೋಶಿಪ್ ಆರಿಸುವಾಗ ಎಲ್ಲರ ಕಣ್ಣೂ ಮೊತ್ತದ ಮೇಲೆ ಬೀಳುತ್ತದೆ. ಅದಕ್ಕಿಂತ ಮೊದಲು ಎರಡು ಸಂಗತಿ ನೋಡಿ. ವಕಾಲತ್ತುನಾಮೆಯಲ್ಲಿ ನಿಮ್ಮ ಹೆಸರು ಇರುತ್ತದೆಯೇ? ನೀವು ಬರೆದ ಕರಡನ್ನು ಕೂತು ತಿದ್ದುವವರು ಯಾರು? ಈ ಎರಡಕ್ಕೂ ನೇರ ಉತ್ತರ ಸಿಕ್ಕರೆ 5,000 ರೂಪಾಯಿ ಕಡಿಮೆಯಾದರೂ ಹೋಗಿ. ಸಿಗದಿದ್ದರೆ ಎರಡು ವರ್ಷ ವರದಿ ಬರೆದು, ಸಭೆಗೆ ಕುರ್ಚಿ ಹಾಕಿಸಿ, ಮೂರನೇ ವರ್ಷ ನ್ಯಾಯಾಲಯದಲ್ಲಿ ಹೊಸಬರಾಗಿಯೇ ನಿಲ್ಲುತ್ತೀರಿ.

ಯಾವ ಬಾಗಿಲು ಎಲ್ಲಿದೆ

ಫೆಲೋಶಿಪ್ ಎಂಬ ಹೆಸರಿದ್ದದ್ದನ್ನೇ ಹುಡುಕುತ್ತ ಕೂತರೆ ಒಳ್ಳೆಯ ಅವಕಾಶಗಳು ಕಣ್ತಪ್ಪುತ್ತವೆ.

ಅಂಥದ್ದರಲ್ಲಿ ಮೊದಲನೆಯದು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ (ನಾಲ್ಸಾ) ಕಾನೂನು ನೆರವು ರಕ್ಷಣಾ ಸಲಹೆಗಾರರ ವ್ಯವಸ್ಥೆ. ವಕೀಲರ ಬಾಯಲ್ಲಿ ಇದು ಎಲ್‌ಎಡಿಸಿ. 2022ರ ಈ ಯೋಜನೆಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಪೂರ್ಣಾವಧಿ ವಕೀಲರನ್ನು ಗುತ್ತಿಗೆಯ ಮೇಲೆ ತೆಗೆದುಕೊಳ್ಳುತ್ತದೆ. ಮುಖ್ಯ ಸಲಹೆಗಾರರಿಗೆ 10 ವರ್ಷ, ಉಪ ಮುಖ್ಯರಿಗೆ 7 ವರ್ಷ ಕ್ರಿಮಿನಲ್ ಅನುಭವ ಬೇಕು. ಸಹಾಯಕ ಸಲಹೆಗಾರರ ಹುದ್ದೆ ಸೊನ್ನೆಯಿಂದ 3 ವರ್ಷ ಅನುಭವವಿದ್ದವರಿಗೇ ಮೀಸಲು. ನಿನ್ನೆ ಸನ್ನದು ಪಡೆದವರಿಗೆ ಕ್ರಿಮಿನಲ್ ನ್ಯಾಯಾಲಯದಲ್ಲಿ ಪ್ರತಿದಿನ ನಿಲ್ಲಲು ಇಷ್ಟು ನೇರವಾದ ದಾರಿ ಇನ್ನೊಂದಿಲ್ಲ. ಗುತ್ತಿಗೆ ಮೊದಲಿಗೆ 2 ವರ್ಷ, ಆಮೇಲೆ ಕೆಲಸ ನೋಡಿ ವರ್ಷ ವರ್ಷ ಮುಂದುವರಿಕೆ. ಖಾಸಗಿ ಕೇಸು ಹಿಡಿಯುವಂತಿಲ್ಲ. ಪ್ರಕಟಣೆ ಬರುವುದು ಆಯಾ ಜಿಲ್ಲಾ ನ್ಯಾಯಾಲಯದ ಮತ್ತು ಪ್ರಾಧಿಕಾರದ ಜಾಲತಾಣದಲ್ಲಿ, ಅರ್ಜಿ ಹಾಕಲು ಸಿಗುವ ದಿನಗಳೂ ಕಡಿಮೆ. ನೀವು ಹೋಗಲು ಸಿದ್ಧವಿರುವ ನಾಲ್ಕೈದು ಜಿಲ್ಲೆಗಳ ಪುಟಗಳನ್ನು ಪ್ರತಿ ಸೋಮವಾರ ತೆರೆದು ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಪ್ರಾಧಿಕಾರ ಕೇಸು ಹಂಚುವ ವಕೀಲರ ಪಟ್ಟಿಗೆ, ಅಂದರೆ ಪ್ಯಾನೆಲ್‌ಗೆ ಸೇರುವುದು ಬೇರೆಯೇ ವಿಷಯ. ನಾಲ್ಸಾದ 2010ರ ನಿಯಮಾವಳಿಯ ಪ್ರಕಾರ 3 ವರ್ಷ ವಕೀಲಿಕೆ ಆಗದವರನ್ನು ಸಾಮಾನ್ಯವಾಗಿ ಪ್ಯಾನೆಲ್‌ಗೆ ಸೇರಿಸಿಕೊಳ್ಳುವುದಿಲ್ಲ. ಈ ಎರಡನ್ನೂ ಒಂದೆಂದು ತಿಳಿದು, ಕಾನೂನು ನೆರವು ನಮಗಲ್ಲ ಎಂದು ಕೈಬಿಡುವವರು ಬಹಳ.

ಎರಡನೆಯದು ಸಂಸ್ಥೆಗಳ ಫೆಲೋಶಿಪ್. ಬೆಂಗಳೂರಿನಲ್ಲಿ 2000ದಲ್ಲಿ ಶುರುವಾದ ಆಲ್ಟರ್ನೇಟಿವ್ ಲಾ ಫೋರಂ, ಸಾಂವಿಧಾನಿಕ ಪ್ರಕರಣ ನಡೆಸುವ ಸೆಂಟರ್ ಫಾರ್ ಲಾ ಅಂಡ್ ಪಾಲಿಸಿ ರಿಸರ್ಚ್ ಮುಂತಾದವು ಆಗಾಗ ಕಿರಿಯ ವಕೀಲರನ್ನು ತೆಗೆದುಕೊಳ್ಳುತ್ತವೆ. ಇವಕ್ಕೆ ವರ್ಷಕ್ಕೊಂದು ಗೊತ್ತಾದ ತಾರೀಖು ಇರುವುದಿಲ್ಲ. ಒಂದು ಯೋಜನೆಗೆ ಹಣ ಬಂದಾಗ ಜಾಗ ಹುಟ್ಟುತ್ತದೆ. ಕಾರಾಗೃಹದ ಕೆಲಸದಲ್ಲಿ ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ (ಟಿಸ್) ಪ್ರಯಾಸ್ ಬಹುಕಾಲದಿಂದಿದೆ. ಅಲ್ಲಿ ಸಮಾಜಕಾರ್ಯಕರ್ತರೂ ವಕೀಲರೂ ಜೋಡಿಯಾಗಿ ದುಡಿಯುತ್ತಾರೆ. ಮರಣದಂಡನೆಯ ಪ್ರಕರಣಗಳಿಂದ ಹೆಸರಾದ ಪ್ರಾಜೆಕ್ಟ್ 39ಎ ಪುಣೆ, ನಾಗಪುರದ ಕಾರಾಗೃಹಗಳಲ್ಲಿ ಕಿರಿಯ ವಕೀಲರನ್ನಿಟ್ಟು ವಿಚಾರಣಾಧೀನ ಕೈದಿಗಳ ಕೇಸು ನಡೆಸಿದ ಮಾದರಿಯನ್ನು ಓದಿಕೊಳ್ಳಿ. ನಿಮ್ಮದೇ ಯೋಜನೆ ಬರೆಯುವಾಗ ಕೈಹಿಡಿಯುತ್ತದೆ.

ಮೂರನೆಯದು ರಾಜ್ಯ ಸರ್ಕಾರದ ಶಿಷ್ಯವೇತನ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ ಸಮುದಾಯಗಳ ಕಾನೂನು ಪದವೀಧರರಿಗೆ ಹಿರಿಯ ವಕೀಲರ ಅಥವಾ ಸರ್ಕಾರಿ ವಕೀಲರ ಕೈಕೆಳಗೆ ತರಬೇತಿ, ಜೊತೆಗೆ ತಿಂಗಳ ಭತ್ಯೆ. ಮೊತ್ತ, ಅವಧಿ, ವಯೋಮಿತಿ, ಆದಾಯಮಿತಿ ಇಲಾಖೆಯಿಂದ ಇಲಾಖೆಗೆ ಬೇರೆ. ಅರ್ಜಿ ಜಿಲ್ಲಾ ಮಟ್ಟದಲ್ಲಿ. ಇದರ ಒಳ್ಳೆಯ ಗುಣ ಏನೆಂದರೆ ಯಾರ ಬಳಿ ತರಬೇತಿ ಎಂಬುದರಲ್ಲಿ ನಿಮ್ಮ ಮಾತಿಗೂ ಜಾಗವಿರುತ್ತದೆ. ಕಾರ್ಮಿಕ ನ್ಯಾಯಾಲಯದಲ್ಲಿ ಕಾರ್ಮಿಕರ ಪರ ನಿಲ್ಲುವ, ದೌರ್ಜನ್ಯ ತಡೆ ಪ್ರಕರಣಗಳಲ್ಲಿ ಸಂತ್ರಸ್ತರ ಪರ ನಿಲ್ಲುವ ಹಿರಿಯರನ್ನು ನೀವೇ ಹೋಗಿ ಕಂಡು, ಒಪ್ಪಿಸಿ, ಅವರ ಹೆಸರು ಬರೆದರೆ ಸರ್ಕಾರಿ ಶಿಷ್ಯವೇತನವೇ ಜನಪರ ಫೆಲೋಶಿಪ್ ಆಗುತ್ತದೆ.

ಸಂಸದರ ಜೊತೆ ಕೆಲಸ ಮಾಡುವ ಲ್ಯಾಂಪ್ ಫೆಲೋಶಿಪ್ ಶಾಸನ ಸಂಶೋಧನೆ ನಡೆಸುವ ಪಿಆರ್‌ಎಸ್ ಸಂಸ್ಥೆಯದು. ಮುಂಗಾರು ಅಧಿವೇಶನದಿಂದ ಬಜೆಟ್ ಅಧಿವೇಶನದವರೆಗೆ ನಡೆಯುತ್ತದೆ. ಕಾನೂನು ಹೇಗೆ ಹುಟ್ಟುತ್ತದೆಂದು ನೋಡಲು ಚೆನ್ನ, ಆದರೆ ಅಲ್ಲಿ ಕರಿಕೋಟು ಹಾಕುವ ಕೆಲಸವಿಲ್ಲ. ಸುಪ್ರೀಂ ಕೋರ್ಟ್, ಹೈಕೋರ್ಟ್ ನ್ಯಾಯಮೂರ್ತಿಗಳ ಕಾನೂನು ಗುಮಾಸ್ತೆ ಹುದ್ದೆಗೂ ಇದೇ ಮಾತು: ಸಂಶೋಧನೆ, ಬರವಣಿಗೆ ಪಕ್ಕಾ ಆಗುತ್ತದೆ, ಕಕ್ಷಿದಾರನ ಮುಖ ಕಾಣುವುದಿಲ್ಲ.

ಅರ್ಜಿಗೆ ಮೊದಲು: ಸನ್ನದು, ಎಐಬಿಇ

ಕೊನೆಯ ಸೆಮಿಸ್ಟರ್ ಫಲಿತಾಂಶ ಬಂದ ವಾರವೇ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿಗೆ ಅರ್ಜಿ ಹಾಕಿ. ವಕೀಲರ ಕಾಯ್ದೆಯ 24ನೇ ಕಲಂ ಹೇಳುವ ಶುಲ್ಕ ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟರಿಗೆ 125. ಅದಕ್ಕಿಂತ ಹೆಚ್ಚು ನೋಂದಣಿ ಶುಲ್ಕ ಪಡೆಯುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2024ರ ಜುಲೈ 30ರಂದು ಗೌರವ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ರಸೀದಿಯಲ್ಲಿ ಯಾವ ಬಾಬ್ತಿಗೆ ಎಷ್ಟು ಎಂದು ಓದಿ ನೋಡಿ.

ನೋಂದಣಿಯಾದ 2 ವರ್ಷದೊಳಗೆ ಅಖಿಲ ಭಾರತ ವಕೀಲರ ಪರೀಕ್ಷೆ (ಎಐಬಿಇ) ಪಾಸಾಗಬೇಕು. ಉತ್ತೀರ್ಣ ಅಂಕ ಸಾಮಾನ್ಯ ಮತ್ತು ಹಿಂದುಳಿದ ವರ್ಗಕ್ಕೆ ಶೇ 45, ಪರಿಶಿಷ್ಟರಿಗೆ ಶೇ 40. ಟಿಪ್ಪಣಿಯಿಲ್ಲದ ಮೂಲ ಕಾಯ್ದೆಗಳನ್ನು ಒಳಗೆ ಒಯ್ಯಬಹುದು. ಪರೀಕ್ಷೆ ಸುಲಭವೆಂದು ಮುಂದೂಡಿ, ಫೆಲೋಶಿಪ್‌ನ ಎರಡನೇ ವರ್ಷ ವಿಚಾರಣೆಯ ನಡುವೆ ಓದಲು ಸಮಯವಿಲ್ಲದೆ ಒದ್ದಾಡುವುದು ಬೇಡ. ಸಿಗುವ ಮೊದಲ ಪರೀಕ್ಷೆಯನ್ನೇ ಬರೆಯಿರಿ.

ನಿಯಮ 49: ನೇಮಕ ಪತ್ರದಲ್ಲಿ ಅಡಗಿರುವ ಮುಳ್ಳು

ಇಡೀ ಪ್ರಕ್ರಿಯೆಯಲ್ಲಿ ಹೊಸಬರು ಹೆಚ್ಚು ಎಡವುವುದು ಇಲ್ಲಿ. ವಕೀಲರ ಪರಿಷತ್ತಿನ ನಿಯಮ 49ರ ಪ್ರಕಾರ ವಕೀಲಿಕೆ ಮಾಡುತ್ತಿರುವವರು ಯಾರ ಬಳಿಯೂ ಪೂರ್ಣಾವಧಿ ಸಂಬಳದ ನೌಕರರಾಗುವಂತಿಲ್ಲ. ಹಾಗೆ ನೌಕರಿಗೆ ಸೇರಿದರೆ ಪರಿಷತ್ತಿಗೆ ತಿಳಿಸಿ, ಆ ಅವಧಿಗೆ ವಕೀಲಿಕೆ ನಿಲ್ಲಿಸಬೇಕು. ಟ್ರಸ್ಟು, ಸೊಸೈಟಿಗಳಿಗೂ ಇದು ಅನ್ವಯ.

ನೇಮಕ ಪತ್ರ ಕೈಗೆ ಬಂದಾಗ ಹೀಗೆ ಓದಿ. ಉದ್ಯೋಗಿ ಎಂಬ ಪದ, ಭವಿಷ್ಯ ನಿಧಿ ಕಡಿತ, ಗಳಿಕೆ ರಜೆ, ಹಾಜರಿ ಪುಸ್ತಕ ಇವೆಲ್ಲ ಇದ್ದರೆ ಅದು ನೌಕರಿ. ವೃತ್ತಿ ಶುಲ್ಕ ಅಥವಾ ರಿಟೈನರ್, ಇಂತಿಂಥ ಕೆಲಸ, ಇಷ್ಟು ಅವಧಿ, ನ್ಯಾಯಾಲಯದಲ್ಲಿ ಹಾಜರಾಗುವ ಸ್ವಾತಂತ್ರ್ಯ ಎಂದಿದ್ದರೆ ಅದು ವೃತ್ತಿಪರ ಒಪ್ಪಂದ. ನೀವು ಕೋರ್ಟಿಗೆ ಹೋಗುವ ಫೆಲೋ ಆಗಿದ್ದರೆ ಎರಡನೆಯದೇ ಬೇಕು. ಸಂಸ್ಥೆ ಹಳೆಯ ನಮೂನೆಯ ಪತ್ರ ಕೊಟ್ಟಿದ್ದರೆ ಸಹಿಗೆ ಮೊದಲೇ ಬದಲಿಸಿಕೊಡಲು ಕೇಳಿ. ವಕೀಲರೇ ನಡೆಸುವ ಸಂಸ್ಥೆಗಳಿಗೆ ಈ ಮಾತು ಬೇಗ ಅರ್ಥವಾಗುತ್ತದೆ.

ಎಲ್‌ಎಡಿಸಿ ಪೂರ್ಣಾವಧಿಯಾದರೂ ಅಲ್ಲಿನ ಕೆಲಸವೇ ನ್ಯಾಯಾಲಯದಲ್ಲಿ ವಾದಿಸುವುದು. ಸರ್ಕಾರಿ ಅಭಿಯೋಜಕರ ಬಗ್ಗೆ ಸುಪ್ರೀಂ ಕೋರ್ಟ್ 2013ರ ದೀಪಕ್ ಅಗರ್‌ವಾಲ್ ಪ್ರಕರಣದಲ್ಲಿ ಇಟ್ಟ ಒರೆಗಲ್ಲೂ ಇದೇ: ಆ ವ್ಯಕ್ತಿ ವಕೀಲನಾಗಿ ನ್ಯಾಯಾಲಯದಲ್ಲಿ ಹಾಜರಾಗಿ ವಾದಿಸುತ್ತಾನೆಯೇ?

ಇದು ಮುಂದೆ ಎಲ್ಲಿ ಚುಚ್ಚುತ್ತದೆ ಎನ್ನಿ. ಸುಪ್ರೀಂ ಕೋರ್ಟಿನ 2025ರ ಮೇ 20ರ ತೀರ್ಪಿನ ನಂತರ ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ 3 ವರ್ಷ ವಕೀಲಿಕೆ ಕಡ್ಡಾಯ. ತಾತ್ಕಾಲಿಕ ನೋಂದಣಿಯ ದಿನದಿಂದ ಲೆಕ್ಕ; ಕಾನೂನು ಗುಮಾಸ್ತೆಯಾಗಿ ಕಳೆದ ಕಾಲವೂ ಸೇರುತ್ತದೆ. ಸನ್ನದು ಅಮಾನತಿನಲ್ಲಿಟ್ಟು ಸಂಬಳದ ಸಂಶೋಧಕರಾಗಿದ್ದ ಕಾಲಕ್ಕೆ ಈ ಲೆಕ್ಕದಲ್ಲಿ ಜಾಗ ಕೇಳುವುದು ಕಷ್ಟ. ನ್ಯಾಯಾಂಗ ಸೇವೆಯ ಆಸೆಯಿದ್ದವರು ಮೊದಲ ದಿನದಿಂದ ಒಂದು ಪುಸ್ತಕವಿಟ್ಟು ಹಾಜರಾದ ಪ್ರತಿ ವಾಯಿದೆ, ಕೇಸ್ ನಂಬರ್, ಪ್ರತಿ ಕೇಸಿಗೂ ಪ್ರತ್ಯೇಕವಾಗಿ ಸಿಗುವ ಸಿಎನ್‌ಆರ್ ಗುರುತು ಸಂಖ್ಯೆ ಬರೆದಿಡಿ. ಅನುಭವದ ಪ್ರಮಾಣಪತ್ರಕ್ಕೆ 10 ವರ್ಷ ಪೂರೈಸಿದ ವಕೀಲರ ಬಳಿ ಹೋದಾಗ ಆ ಪುಸ್ತಕವೇ ಮಾತಾಡುತ್ತದೆ.

ಸಂಸ್ಥೆಯನ್ನು ನೀವೂ ಸಂದರ್ಶಿಸಿ

ಅರ್ಜಿ ಹಾಕುವ ಮೊದಲು ಅಲ್ಲಿ ಹಿಂದೆ ಫೆಲೋ ಆಗಿದ್ದ ಇಬ್ಬರೊಡನೆ ಮಾತಾಡಿ. ಒಬ್ಬರು ಈಗಲೂ ಇರುವವರು, ಇನ್ನೊಬ್ಬರು ಬಿಟ್ಟುಹೋದವರು. ಬಿಟ್ಟವರು ಹೇಳುವುದನ್ನು ಗಮನವಿಟ್ಟು ಕೇಳಿ.

ಕೇಳಬೇಕಾದ್ದು ಇವು: ಒಬ್ಬ ಫೆಲೋ ಕೈಯಲ್ಲಿ ಎಷ್ಟು ಕಡತ ಇರುತ್ತವೆ, ಅದರಲ್ಲಿ ಎಷ್ಟರಲ್ಲಿ ಅವರೇ ವಾದಿಸುತ್ತಾರೆ? ಕರಡು ತಿದ್ದಿ ವಾಪಸು ಬರಲು ಎಷ್ಟು ದಿನ? ಹಿರಿಯರು ವಾರದಲ್ಲಿ ಎಷ್ಟು ದಿನ ಊರಲ್ಲಿರುತ್ತಾರೆ? ಪ್ರಯಾಣದ ಹಣ ಮುಂಗಡವೋ, ಬಿಲ್ಲು ಕೊಟ್ಟ ಮೇಲೋ? ಲೈಂಗಿಕ ಕಿರುಕುಳ ದೂರುಗಳಿಗೆ ಆಂತರಿಕ ಸಮಿತಿ ಇದೆಯೇ, ಅದರ ಸದಸ್ಯರ ಹೆಸರು ಗೋಡೆಯ ಮೇಲಿದೆಯೇ?

ಹಣದ ಮೂಲವನ್ನು ಸಂಕೋಚವಿಲ್ಲದೆ ಕೇಳಿ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿ ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದಕ್ಕೆ ದಾಟಿಸುವುದನ್ನು ನಿಷೇಧಿಸಿತು. ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ 20ಕ್ಕೆ ಇಳಿಸಿತು. ದೊಡ್ಡ ಸಂಸ್ಥೆಯಿಂದ ಚಿಕ್ಕ ಸಂಸ್ಥೆಗೆ ಹಣ ಹರಿದು ನಡೆಯುತ್ತಿದ್ದ ಏರ್ಪಾಡುಗಳಿಗೆ ಆ ದಾರಿ ಮುಚ್ಚಿತು. ಆದ್ದರಿಂದ ನಿಮ್ಮ ಪ್ರಶ್ನೆ ಹೀಗಿರಲಿ: ಈ ಫೆಲೋಶಿಪ್‌ನ ಎಷ್ಟು ತಿಂಗಳ ಹಣ ಈಗಾಗಲೇ ಬ್ಯಾಂಕಿನಲ್ಲಿದೆ? 24 ತಿಂಗಳ ಹುದ್ದೆಗೆ 9 ತಿಂಗಳ ಹಣವಷ್ಟೇ ಇದ್ದರೆ, ಅದನ್ನು ತಿಳಿದೇ ಒಪ್ಪಿಕೊಳ್ಳಬಹುದು. ತಿಳಿಯದೆ ಬೇಡ.

ಯೋಜನೆ ಬರೆಯುವುದು

ಕೆಲವು ಫೆಲೋಶಿಪ್‌ಗಳು ಸಿದ್ಧ ಕೆಲಸ ಕೊಡುತ್ತವೆ. ಕೆಲವು ನಿಮ್ಮನ್ನೇ ಕೇಳುತ್ತವೆ: ಎರಡು ವರ್ಷ ಏನು ಮಾಡುತ್ತೀರಿ? ಹೆಚ್ಚಿನ ಅರ್ಜಿಗಳು ಬೀಳುವುದು ಈ ಪುಟದಲ್ಲಿ. ಒಂದು ಉದಾಹರಣೆ:

"ಜಿಲ್ಲಾ ಕಾರಾಗೃಹದ ವಿಚಾರಣಾಧೀನ ಕೈದಿಗಳಲ್ಲಿ ಕಾನೂನು ಅರಿವು ಮೂಡಿಸಿ ಅವರಿಗೆ ನ್ಯಾಯ ದೊರಕಿಸುವುದು."

ಓದಿದವರು ತಲೆಯಾಡಿಸಿ ಪಕ್ಕಕ್ಕಿಡುತ್ತಾರೆ. ಇದೇ ವಿಷಯ ಹೀಗೆ ಬಂದರೆ:

"ಜಾಮೀನು ಆದೇಶವಾಗಿ 7 ದಿನ ಕಳೆದರೂ ಹೊರಬರದ ಕೈದಿಗಳ ಪಟ್ಟಿಯನ್ನು ಪ್ರತಿ ಸೋಮವಾರ ಕಾರಾಗೃಹ ಅಧೀಕ್ಷಕರ ಕಚೇರಿಯಿಂದ ಪಡೆಯುವುದು. ಬುಧವಾರದೊಳಗೆ ಪ್ರತಿಯೊಬ್ಬರ ಮನೆಗೆ ಫೋನ್. ಶ್ಯೂರಿಟಿ ಇದ್ದರೆ ಪಹಣಿ, ಆಧಾರ್ ಸಿದ್ಧಪಡಿಸಿ ಹಾಜರುಪಡಿಸುವುದು; ಇಲ್ಲದಿದ್ದರೆ ಷರತ್ತು ಸಡಿಲಿಸಲು ಅದೇ ನ್ಯಾಯಾಲಯಕ್ಕೆ ಅರ್ಜಿ. ಮೊದಲ ವರ್ಷ ಒಂದು ಕಾರಾಗೃಹ, ಎರಡನೇ ವರ್ಷ ಪಕ್ಕದ ಜಿಲ್ಲೆಯದು."

ಇದರಲ್ಲಿ ಯಾರು, ಎಲ್ಲಿ, ಯಾವ ದಿನ, ಯಾವ ಅರ್ಜಿ ಎಲ್ಲವೂ ಇದೆ. ಕಾನೂನಿನ ಆಧಾರವೂ ಗಟ್ಟಿ: 2023ರ ಜನವರಿ 31ರಂದು ಸುಪ್ರೀಂ ಕೋರ್ಟ್, ಜಾಮೀನು ಸಿಕ್ಕಿ 7 ದಿನದಲ್ಲಿ ಬಿಡುಗಡೆಯಾಗದಿದ್ದರೆ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಜಾಮೀನು ಬಾಂಡ್ ಕೊಡಲಾಗದಿದ್ದರೆ ನ್ಯಾಯಾಲಯ ತಾನಾಗಿಯೇ ಷರತ್ತು ಬದಲಿಸಬಹುದೇ ಎಂದು ನೋಡಬೇಕು ಎಂದು ಹೇಳಿದೆ. ಕಸ್ಟಡಿಯಲ್ಲಿರುವವರಿಗೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ. ಮಹಿಳೆಯರಿಗೂ, ಪರಿಶಿಷ್ಟರಿಗೂ ಹಾಗೆಯೇ. ಯೋಜನೆಯಲ್ಲಿ ಹೀಗೆ ಒಂದು ಕಲಂ, ಒಂದು ತೀರ್ಪು, ಒಂದು ಕಚೇರಿ ಗುರುತಿಸಿ ಬರೆದವರು ಆ ಕಚೇರಿಯ ಮೆಟ್ಟಿಲು ಹತ್ತಿದವರೆಂದು ಓದುಗರಿಗೆ ತಿಳಿಯುತ್ತದೆ.

ಕಾರಾಗೃಹ ಒಂದೇ ವಿಷಯವಲ್ಲ. ಕರ್ನಾಟಕದಲ್ಲಿ ಜಮೀನಿನ ಕೆಲಸ ಮಾಡಬಯಸುವವರಿಗೆ ಪರಿಶಿಷ್ಟರ ಕೆಲವು ಜಮೀನುಗಳ ಪರಭಾರೆ ನಿಷೇಧಿಸುವ 1978ರ ಪಿಟಿಸಿಎಲ್ ಕಾಯ್ದೆ ಇದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನು ಕಾಯ್ದೆ ಮೀರಿ ಪರಭಾರೆಯಾಗಿದ್ದರೆ ಮರಳಿ ಕೊಡಿಸಲು ಉಪವಿಭಾಗಾಧಿಕಾರಿಗೆ ಅರ್ಜಿ, ಅವರ ಆದೇಶದ ಮೇಲೆ ಜಿಲ್ಲಾಧಿಕಾರಿಗೆ ಮೇಲ್ಮನವಿ. ಸುಪ್ರೀಂ ಕೋರ್ಟಿನ 2017ರ ನೆಕ್ಕಂಟಿ ತೀರ್ಪು ಅರ್ಜಿ ಸಮಂಜಸ ಕಾಲದೊಳಗೆ ಬರಬೇಕೆಂದಿತು, ಆಮೇಲೆ ತಡವಾಯಿತೆಂಬ ಕಾರಣಕ್ಕೇ ಪ್ರಕರಣಗಳು ಬಿದ್ದವು. 2023ರಲ್ಲಿ ರಾಜ್ಯ ಕಾಲಮಿತಿ ಇಲ್ಲವೆಂದು ತಿದ್ದುಪಡಿ ತಂದಿತು. ಈ ಎರಡರ ನಡುವೆ ಸಿಕ್ಕಿಕೊಂಡ ಕುಟುಂಬಗಳಿಗೆ ಮಂಜೂರಾತಿ ಆದೇಶ, ಸಾಗುವಳಿ ಚೀಟಿ, ಹಳೆಯ ಕೈಬರಹದ ಪಹಣಿ ಹುಡುಕಿ ಕೊಡುವವರೇ ಇಲ್ಲ. ಒಂದು ಉಪವಿಭಾಗ, ಎರಡು ವರ್ಷ, ದಾಖಲೆ ಪೂರ್ಣವಾದ 40 ಅರ್ಜಿ ಎಂದು ಬರೆದರೆ ಒಳ್ಳೆಯ ಯೋಜನೆ. ಇಡೀ ಜಿಲ್ಲೆ, 500 ಅರ್ಜಿ ಎಂದರೆ ರೆಕಾರ್ಡ್ ರೂಮಿನಲ್ಲಿ ಒಂದು ನಕಲಿಗೆ ಎಷ್ಟು ಸಲ ಅಲೆಯಬೇಕೆಂದು ನಿಮಗೆ ಗೊತ್ತಿಲ್ಲ ಎಂದಾಯಿತು.

ಪುಟದ ಅಳತೆ ಹೀಗಿಟ್ಟುಕೊಳ್ಳಿ: ಸಮಸ್ಯೆ ಅರ್ಧ ಪುಟ, ಕಾನೂನು ಅರ್ಧ ಪುಟ, ಏನು ಮಾಡುತ್ತೀರಿ ಎಂಬುದು ಒಂದೂವರೆ ಪುಟ, ಮೂರು ಮೂರು ತಿಂಗಳ ಗುರಿ ಅರ್ಧ ಪುಟ. ಬಹುಪಾಲು ಅರ್ಜಿಗಳಲ್ಲಿ ಸಮಸ್ಯೆಯೇ ಮೂರು ಪುಟ ತಿಂದು, ಕೆಲಸ ನಾಲ್ಕು ಸಾಲಿಗೆ ಇಳಿದಿರುತ್ತದೆ.

ಜೊತೆಗಿಡುವ ಕಾಗದಗಳು

ಬರವಣಿಗೆಯ ಮಾದರಿಗೆ ಮೂಟ್ ಕೋರ್ಟ್ ಮೆಮೋರಿಯಲ್‌ಗಿಂತ ನಿಜವಾದ ಅರ್ಜಿಯೊಂದು ಮೇಲು. 5ರಿಂದ 8 ಪುಟ ಸಾಕು. ಕಕ್ಷಿದಾರರ ಹೆಸರು, ಊರು, ಕೇಸ್ ನಂಬರ್ ಅಳಿಸಿ ಕಳಿಸಿ. ಅಳಿಸದೆ ಕಳಿಸಿದವರಿಗೆ ಗೋಪ್ಯತೆಯ ಅರಿವಿಲ್ಲವೆಂದು ಅಲ್ಲೇ ತೀರ್ಮಾನವಾಗುತ್ತದೆ. ಯಾವ ಭಾಗ ನೀವು ಬರೆದದ್ದು, ಯಾವುದು ಹಿರಿಯರು ತಿದ್ದಿದ್ದು ಎಂದು ಮೇಲೆ ಒಂದು ಸಾಲು ಹಾಕಿ.

ಕನ್ನಡದಲ್ಲಿ ಓದಿದವರು ಇಲ್ಲಿ ತಮ್ಮ ಬಲವನ್ನು ತಾವೇ ಬಚ್ಚಿಡುತ್ತಾರೆ. ತಾಲ್ಲೂಕು ನ್ಯಾಯಾಲಯದ ಎಫ್‌ಐಆರ್, ಮಹಜರು, ಸಾಕ್ಷಿ ಹೇಳಿಕೆ, ಪಹಣಿ, ಮ್ಯುಟೇಶನ್ ಎಲ್ಲವೂ ಕನ್ನಡದಲ್ಲಿವೆ. ಮಹಜರಿನ ಕೈಬರಹ ಸರಾಗವಾಗಿ ಓದಿ, ಪಂಚರ ಹೇಳಿಕೆಯಲ್ಲಿನ ವಿರೋಧ ಹಿಡಿಯಬಲ್ಲವರು ಬೆಂಗಳೂರಿನ ಸಂಸ್ಥೆಗಳಿಗೆ ಸುಲಭವಾಗಿ ಸಿಗುವುದಿಲ್ಲ. ಒಂದು ಮಾದರಿ ಕನ್ನಡದ್ದು, ಒಂದು ಇಂಗ್ಲಿಷಿನದು ಇಡಿ. ಉರ್ದು, ತುಳು, ಲಂಬಾಣಿ, ತೆಲುಗು ಬಂದರೆ ಬಯೋಡೇಟಾದ ಮೊದಲ ಅರ್ಧದಲ್ಲೇ ಬರೆಯಿರಿ.

ಶಿಫಾರಸು ಪತ್ರ ಬೇಕಾದರೆ 4 ವಾರ ಮೊದಲೇ ಕೇಳಿ. ಕೇಳುವಾಗ ಅವರೊಡನೆ ನೀವು ಮಾಡಿದ ಕೆಲಸವನ್ನು ಒಂದು ಪುಟದಲ್ಲಿ ನೆನಪಿಸಿ ಕೊಡಿ. ಪ್ರಾಂಶುಪಾಲರ ಹೊಗಳಿಕೆಗಿಂತ, ನಿಮ್ಮ ಕರಡನ್ನು ತಿದ್ದಿದ ತಾಲ್ಲೂಕಿನ ವಕೀಲರೊಬ್ಬರು ಇವರು ಹೇಳಿದ ದಿನಕ್ಕೆ ಕೆಲಸ ಮುಗಿಸುತ್ತಾರೆ ಎಂದು ಬರೆದ ಪತ್ರಕ್ಕೆ ತೂಕ ಹೆಚ್ಚು.

ಸಂದರ್ಶನ

ಸೇವಾಭಾವದ ಮಾತಿಗೆ ಎರಡು ನಿಮಿಷ, ಉಳಿದದ್ದೆಲ್ಲ ಕೇಸಿನ ಪ್ರಶ್ನೆ ಎಂದುಕೊಂಡು ಸಿದ್ಧರಾಗಿ. ಮಾದರಿಗೆ ಒಂದು: ಆರೋಪಿಯನ್ನು ಜೂನ್ 1ರಂದು ಮೊದಲ ಸಲ ರಿಮಾಂಡ್ ಮಾಡಲಾಗಿದೆ, ಆ ಅಪರಾಧದಲ್ಲಿ ಪೊಲೀಸರು ದೋಷಾರೋಪ ಪಟ್ಟಿ ಸಲ್ಲಿಸಲು 60 ದಿನದ ಮಿತಿ, ಪಟ್ಟಿ ಬಂದಿಲ್ಲ. ಗಡುವು ಮೀರಿದ್ದಕ್ಕೆ ಸಿಗುವ ಕಡ್ಡಾಯ (ಡಿಫಾಲ್ಟ್) ಜಾಮೀನಿನ ಹಕ್ಕು ಯಾವ ದಿನ ಹುಟ್ಟುತ್ತದೆ?

ರಿಮಾಂಡ್ ಮಾಡಿದ ದಿನವನ್ನೂ ಎಣಿಸಬೇಕೆಂದು 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಕಪಿಲ್ ವಾಧವಾನ್ ಪ್ರಕರಣದಲ್ಲಿ ಹೇಳಿತು. ಜೂನ್ ಪೂರ್ತಿ 30, ಜುಲೈ 30ಕ್ಕೆ 60 ತುಂಬಿತು. ಜುಲೈ 31ರ ಬೆಳಿಗ್ಗೆ ಹಕ್ಕು ಹುಟ್ಟುತ್ತದೆ. ಅಂದು ಅರ್ಜಿ ಹಾಕದೆ ಮಧ್ಯಾಹ್ನಕ್ಕೆ ಬಿಟ್ಟು, ಅಷ್ಟರಲ್ಲಿ ಪೊಲೀಸರು ಪಟ್ಟಿ ಸಲ್ಲಿಸಿದರೆ ಹಕ್ಕು ಹೋಯಿತು. ಹಾಗಾಗಿ ಅರ್ಜಿ 30ರ ಸಂಜೆಯೇ ಟೈಪ್ ಆಗಿರಬೇಕು. ಬಾಯಿಮಾತಿನ ಕೋರಿಕೆಯೂ ಸಾಕೆಂದು 2017ರ ರಾಕೇಶ್ ಕುಮಾರ್ ಪಾಲ್ ತೀರ್ಪಿನ ಬಹುಮತ ಹೇಳಿದೆ ಎಂಬುದನ್ನೂ ಸೇರಿಸಿದರೆ, ನೀವು ಕಡತ ಹಿಡಿಯಬಲ್ಲಿರಿ ಎಂದು ಎದುರಿನವರಿಗೆ ಖಾತ್ರಿಯಾಗುತ್ತದೆ. ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇದು 187ನೇ ಕಲಂ. 479ನ್ನೂ ಓದಿಕೊಳ್ಳಿ: ಮೊದಲ ಸಲದ ಆರೋಪಿ ಗರಿಷ್ಠ ಶಿಕ್ಷೆಯ ಮೂರನೇ ಒಂದರಷ್ಟು, ಉಳಿದವರು ಅರ್ಧದಷ್ಟು ಕಾಲ ಒಳಗಿದ್ದರೆ ಬಿಡುಗಡೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ ಇದಿಲ್ಲ. ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿ ಇದ್ದವರಿಗೂ ಇದಿಲ್ಲ.

ಗೊತ್ತಿಲ್ಲದ ಪ್ರಶ್ನೆಗೆ ಗೊತ್ತಿಲ್ಲ, ಇಂಥಲ್ಲಿ ನೋಡುತ್ತೇನೆ ಎನ್ನಿ. ಊಹೆಯನ್ನು ಕಾನೂನೆಂದು ಹೇಳುವ ಕಿರಿಯರ ಕೈಗೆ ಯಾರೂ ಕೈದಿಯ ಕೇಸು ಕೊಡುವುದಿಲ್ಲ.

ಕೈಗೆ ಬರುವ ಹಣ

ವೃತ್ತಿ ಶುಲ್ಕವೆಂದು ಕೊಟ್ಟರೆ ಶೇ 10 ಮೂಲದಲ್ಲೇ ತೆರಿಗೆ ಕಡಿತ. ತಿಂಗಳಿಗೆ 30,000 ಎಂದರೆ ಕೈಗೆ 27,000. ವರ್ಷದ ಆದಾಯ ತೆರಿಗೆ ಮಿತಿಯೊಳಗಿದ್ದರೆ ರಿಟರ್ನ್ ಸಲ್ಲಿಸಿ ಆ 36,000 ರೂಪಾಯಿ ಮರಳಿ ಪಡೆಯಬಹುದು, ಸಲ್ಲಿಸದೆ ಕಳೆದುಕೊಳ್ಳುವವರೇ ಹೆಚ್ಚು. ಅನುದಾನದ ಕಂತು ತಡವಾಗುವುದು ಸಾಮಾನ್ಯ. 2 ತಿಂಗಳ ಖರ್ಚು ಬೇರೆ ಇಟ್ಟುಕೊಂಡು ಹೊರಡಿ. ಅದಿಲ್ಲದವರು ಮೊದಲ ಎರಡು ಕಂತನ್ನು ಸೇರಿದ ದಿನವೇ ಕೊಡುವಿರಾ ಎಂದು ಕೇಳಬಹುದು, ನಾಚಬೇಕಾದ್ದಿಲ್ಲ. ದೃಢೀಕೃತ ನಕಲು, ಜೆರಾಕ್ಸ್, ಹಳ್ಳಿಗೆ ಬಸ್ಸು, ಕಕ್ಷಿದಾರರಿಗೆ ಊಟ ಇವು ಸದ್ದಿಲ್ಲದೆ ಜೇಬು ಕತ್ತರಿಸುತ್ತವೆ. ಇವನ್ನು ಯಾರು ಭರಿಸುತ್ತಾರೆಂದು ಪತ್ರದಲ್ಲೇ ಬರೆಸಿಕೊಳ್ಳಿ.

ಅಮೆರಿಕದಲ್ಲಿ ಓದುತ್ತಿರುವವರಿಗೆ

ಅಲ್ಲಿ ಈ ವ್ಯವಸ್ಥೆ ಹಳೆಯದು, ಅಚ್ಚುಕಟ್ಟಾದದ್ದು. 1988ರಲ್ಲಿ ಶುರುವಾದ ಸ್ಕ್ಯಾಡನ್ ಫೆಲೋಶಿಪ್, 1986ರಲ್ಲಿ ಬೇರೆ ಹೆಸರಿನಲ್ಲಿ ಹುಟ್ಟಿದ ಈಕ್ವಲ್ ಜಸ್ಟಿಸ್ ವರ್ಕ್ಸ್ ಎರಡೂ 2 ವರ್ಷದ ಸಂಬಳ ಕೊಡುತ್ತವೆ. ಮೊದಲು ನೀವೇ ಒಂದು ಲಾಭರಹಿತ ಸಂಸ್ಥೆಯನ್ನು ಒಪ್ಪಿಸಿ, ಅವರೊಡನೆ ಯೋಜನೆ ಬರೆಯಬೇಕು. ಅರ್ಜಿಯ ಗಡುವು ಬರುವುದು ಕೊನೆಯ ವರ್ಷದ ಸೆಪ್ಟೆಂಬರ್ ಹೊತ್ತಿಗೆ. ಅಂದರೆ ಸಂಸ್ಥೆಯೊಡನೆ ಮಾತು ಅದರ ಹಿಂದಿನ ಬೇಸಿಗೆಯಲ್ಲೇ ಮುಗಿದಿರಬೇಕು. ನಮ್ಮವರಿಗೆ ಎಡವುಗಲ್ಲು ವೀಸಾ: ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಕಾನೂನು ಪದವಿಗೆ ಸಿಗುವ ಕೆಲಸದ ಅನುಮತಿ 12 ತಿಂಗಳು, ಫೆಲೋಶಿಪ್ 24 ತಿಂಗಳು. ಉಳಿದ ವರ್ಷಕ್ಕೆ ಆ ಸಂಸ್ಥೆ ಎಚ್-1ಬಿ ಉದ್ಯೋಗ ವೀಸಾಕ್ಕೆ ಅರ್ಜಿ ಹಾಕುತ್ತದೆಯೇ ಎಂಬುದನ್ನು ಯೋಜನೆಗೆ ಮೊದಲೇ ಕೇಳಿ.

ಸೇರಿದ ಮೇಲೆ: ಮೊದಲ 90 ದಿನ

ಮೊದಲ ತಿಂಗಳು ಹೊಸ ಕೇಸು ಹಿಡಿಯಬೇಡಿ. ಇರುವ ಕಡತಗಳನ್ನು ಓದಿ ಪ್ರತಿಯೊಂದಕ್ಕೂ ಒಂದು ಪುಟದ ಸಾರ ಬರೆಯಿರಿ: ಕಕ್ಷಿದಾರ, ಹಂತ, ಮುಂದಿನ ವಾಯಿದೆ, ಬಾಕಿ ಇರುವ ಒಂದು ಕೆಲಸ. ಕೋರ್ಟ್ ಹಾಲಿನಲ್ಲಿ ಶಿರಸ್ತೇದಾರರು, ಬೆಂಚ್ ಗುಮಾಸ್ತರ ಪರಿಚಯ ಮಾಡಿಕೊಳ್ಳಿ. ಕಡತ ಎಲ್ಲಿ ನಿಂತಿದೆ ಎಂದು ಅವರು ಒಂದು ಮಾತಿನಲ್ಲಿ ಹೇಳುವುದು ಆ್ಯಪ್‌ನಲ್ಲಿ ಸಿಗುವುದಿಲ್ಲ.

ಎರಡನೇ ತಿಂಗಳಿಂದ ಚಿಕ್ಕ ಅರ್ಜಿಗಳು: ಹಾಜರಿ ವಿನಾಯಿತಿ, ವಾರಂಟ್ ರದ್ದತಿ, ನಕಲು ಅರ್ಜಿ, ಜಾಮೀನು. ಮೂರನೇ ತಿಂಗಳ ಕೊನೆಗೆ ಒಂದು ಪಾಟಿ ಸವಾಲಾದರೂ ನಿಮ್ಮದಾಗಿರಲಿ. ಔಪಚಾರಿಕ ಸಾಕ್ಷಿಯದಾದರೂ ಸರಿ.

ಈ ಹಂತದಲ್ಲಿ ಕೆಡುವುದು ಸಾಮಾನ್ಯವಾಗಿ ಎರಡು ರೀತಿ. ಒಂದು, ಯಾರಿಗೂ ಇಲ್ಲ ಎನ್ನಲಾರದೆ 30ರ ಬದಲು 90 ಕಡತ ಹಿಡಿದು, ಒಂದು ವಾಯಿದೆ ತಪ್ಪಿ, ಕಕ್ಷಿದಾರನ ಮೇಲೆ ವಾರಂಟ್ ಹೊರಡುವುದು. ಇನ್ನೊಂದು, ಕೇಳಿದ ಕಥೆಗಳ ಭಾರ. ಮಕ್ಕಳ ಮೇಲಿನ ದೌರ್ಜನ್ಯ, ಕಸ್ಟಡಿ ಹಿಂಸೆಯ ಕಡತ ಓದಿ ನಿದ್ದೆಗೆಡುವುದು ದೌರ್ಬಲ್ಯವಲ್ಲ. ಅಂಥ ಕಡತವನ್ನು ರಾತ್ರಿ ಕೋಣೆಗೆ ಒಯ್ಯಬೇಡಿ. ಹಿರಿಯರಿಗೆ ಹೇಳಿ, ವಾರಕ್ಕೆ ಎಷ್ಟು ಎಂದು ಮಿತಿ ಹಾಕಿಸಿಕೊಳ್ಳಿ.

ಬಿಟ್ಟುಹೋಗುವಾಗ

ಮುಗಿಯಲು 6 ತಿಂಗಳಿದ್ದಾಗಲೇ ಮುಂದಿನದು ಗೊತ್ತಾಗಿರಬೇಕು. ಸ್ವತಂತ್ರ ವಕೀಲಿಕೆಗೆ ಇಳಿಯುವವರಿಗೆ 3 ವರ್ಷ ತುಂಬಿದ ದಿನವೇ ಕಾನೂನು ಸೇವಾ ಪ್ರಾಧಿಕಾರದ ಪ್ಯಾನೆಲ್‌ಗೆ ಅರ್ಜಿ ಹಾಕುವುದು ಲೇಸು. ವಾರದಲ್ಲಿ ನಾಲ್ಕು ದಿನ ಶುಲ್ಕದ ಕೇಸು, ಎರಡು ದಿನ ಜನಪರ ಕೆಲಸ ಎಂದು ಹಂಚಿಕೊಂಡು ಜಿಲ್ಲಾ ಕೇಂದ್ರಗಳಲ್ಲಿ ನೆಲೆನಿಂತವರು ಇದ್ದಾರೆ.

ಕಡತಗಳನ್ನು ಒಪ್ಪಿಸುವ ಕೆಲಸ ಕೊನೆಯ 3 ತಿಂಗಳು ತಿನ್ನುತ್ತದೆ. ಫೆಲೋ ಹೋದ ಮೇಲೆ ಅನಾಥವಾಗುವ ಕೇಸುಗಳೇ ಈ ವ್ಯವಸ್ಥೆಯ ದೊಡ್ಡ ಗಾಯ. ವಕಾಲತ್ತು ಸಂಸ್ಥೆಯ ಹೆಸರಿನಲ್ಲಿರುವುದಿಲ್ಲ, ನಿಮ್ಮ ಹೆಸರಿನಲ್ಲಿರುತ್ತದೆ. ಪ್ರತಿ ಕಡತದ ಸಾರವನ್ನು ಹೊಸದಾಗಿ ಬರೆಯಿರಿ, ಹೊಸ ವಕೀಲರ ವಕಾಲತ್ತಿನ ಮೇಲೆ ನಿಮ್ಮ ನಿರಾಕ್ಷೇಪಣೆ ಹಾಕಿ, ಒಂದು ವಾಯಿದೆಗಾದರೂ ಇಬ್ಬರೂ ಒಟ್ಟಿಗೆ ಹೋಗಿ. ಕಾರಾಗೃಹದಲ್ಲಿರುವ ಕಕ್ಷಿದಾರರನ್ನು ಖುದ್ದಾಗಿ ಕಂಡು, ಹೊಸ ವಕೀಲರ ಹೆಸರು, ಫೋನ್ ನಂಬರ್, ಮುಂದಿನ ವಾಯಿದೆ ಈ ಮೂರನ್ನೂ ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆದ ಚೀಟಿ ಅವರ ಕೈಗೆ ಕೊಡಿ. ಓದಲು ಬಾರದವರಿಗೆ ಓದಿ ಹೇಳಿ, ಅವರ ಮನೆಯವರಿಗೂ ಅದೇ ಚೀಟಿಯ ಫೋಟೋ ಕಳಿಸಿ.